ಟರ್ಬೊ ಕಾರಿನ ಇಸಿಯು ರಿಮ್ಯಾಪ್: ಕರಾವಳಿಗೂ ಘಟ್ಟಕ್ಕೂ ಹೊಂದುವ ಫೈಲ್ ಮಾಡಿಸುವ ಬಗೆ

ಚೆರ್ಕಳದಲ್ಲಿ ಹೆದ್ದಾರಿ 66 ಬಿಟ್ಟು ಜಾಲ್ಸೂರಿನ ದಾರಿ ಹಿಡಿದರೆ ಬೋವಿಕ್ಕಾನ, ಮುಳ್ಳೇರಿಯ, ಆದೂರು ಉದ್ದಕ್ಕೂ ಏರು, ಇಳಿತ, ತಿರುವು. ಸುಳ್ಯ ದಾಟಿ ಸಂಪಾಜೆ ಘಟ್ಟ ಹತ್ತಿದರೆ, ಕಡಲ ಬದಿಯಿಂದ ಹೊರಟ ಕಾರು ಮಧ್ಯಾಹ್ನದ ಊಟದ ಹೊತ್ತಿಗೆ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿರುತ್ತದೆ. ಇಂಥ ದಾರಿಯಲ್ಲಿ ಕಾರು ಚೆನ್ನಾಗಿ ಓಡುವುದೆಂದರೆ ಎರಡನೇ, ಮೂರನೇ ಗೇರಿನಲ್ಲಿ, 1,800ರಿಂದ 4,500 ಆರ್‌ಪಿಎಂ ನಡುವೆ, ಪೆಡಲ್ ಒತ್ತಿದಷ್ಟೇ ಎಳೆತ ಸಿಗುವುದು. 6,000 ಆರ್‌ಪಿಎಂ ಬಳಿ ಅಶ್ವಶಕ್ತಿ ಎಷ್ಟು ಎಂಬುದು ಇಲ್ಲಿ ದಿನಬಳಕೆಗೆ ಬರುವುದೇ ಇಲ್ಲ. ಆದರೂ ರಿಮ್ಯಾಪ್ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುವಿನ ಸಾಫ್ಟ್‌ವೇರ್ ಫೈಲ್ ಬದಲಿಸುವುದು) ಮಾಡಿಸುವವರು ಮೊದಲು ಕೇಳುವುದು ‘ಎಷ್ಟು ಪವರ್ ಜಾಸ್ತಿ ಆಗುತ್ತೆ’ ಎಂದೇ. ಯಾವ ಆರ್‌ಪಿಎಂನಲ್ಲಿ, ಎಷ್ಟು ಬೇಗ, ಯಾವ ಪೆಟ್ರೋಲಿನಲ್ಲಿ ಆಗುತ್ತದೆ ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ.

ಈ ಲೇಖನ ಹೆಚ್ಚಾಗಿ ಟರ್ಬೊ ಪೆಟ್ರೋಲ್ ಕಾರುಗಳ ಬಗ್ಗೆ: ಪೋಲೊ ಜಿಟಿ ಟಿಎಸ್‌ಐ, ಆಕ್ಟೇವಿಯಾ, ಐ20 ಎನ್ ಲೈನ್, ಬಲೆನೊ ಆರ್‌ಎಸ್ ತರದವು. ಟರ್ಬೊ (ಗಾಳಿಯನ್ನು ಒತ್ತಿ ಇಂಜಿನ್‌ಗೆ ತುಂಬುವ ಸಾಧನ) ಇಲ್ಲದ ಇಂಜಿನ್‌ಗೆ ಫೈಲ್ ಬದಲಿಸಿದರೆ ಸಿಗುವ ಲಾಭ ಬಹಳ ಕಡಿಮೆ. ಆ ದುಡ್ಡನ್ನು ಒಳ್ಳೆಯ ಟೈರ್‌ಗೆ ಹಾಕಿ.

ಇಸಿಯು ಒಳಗೆ ನಡೆಯುವ ಲೆಕ್ಕ

ಈಗಿನ ಕಾರುಗಳಲ್ಲಿ ಪೆಡಲ್‌ಗೂ ಥ್ರಾಟಲ್‌ಗೂ (ಇಂಜಿನ್‌ಗೆ ಗಾಳಿ ಬಿಡುವ ಬಾಗಿಲು) ನೇರ ಕೇಬಲ್ ಇಲ್ಲ. ನೀವು ಪೆಡಲ್ ಒತ್ತಿದಾಗ ಇಸಿಯು ಅದನ್ನು ‘ಚಾಲಕನಿಗೆ ಇಷ್ಟು ಟಾರ್ಕ್ (ತಿರುಗಿಸುವ ಬಲ) ಬೇಕು’ ಎಂಬ ಕೋರಿಕೆಯಾಗಿ ಓದಿಕೊಳ್ಳುತ್ತದೆ. ಆ ಕೋರಿಕೆ ಹಲವು ಮಿತಿಗಳ ಮೂಲಕ ಹಾದು ಬರುತ್ತದೆ: ಗೇರ್‌ಬಾಕ್ಸ್ ತಾಳುವ ಟಾರ್ಕ್, ಇಂಜಿನ್ ತಾಳುವ ಟಾರ್ಕ್, ಗಾಳಿಯ ಮತ್ತು ಕೂಲೆಂಟಿನ ಬಿಸಿ. ಉಳಿದ ಟಾರ್ಕ್ ಸಿಗಲು ಎಷ್ಟು ಗಾಳಿ, ಎಷ್ಟು ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ), ಎಷ್ಟು ಪೆಟ್ರೋಲ್, ಕಿಡಿ ಎಷ್ಟು ಡಿಗ್ರಿ ಮುಂಚೆ ಎಂದು ಮತ್ತೊಂದಿಷ್ಟು ಕೋಷ್ಟಕಗಳಿಂದ ಲೆಕ್ಕವಾಗುತ್ತದೆ. ಈ ಕೋಷ್ಟಕಗಳೇ ಮ್ಯಾಪ್‌ಗಳು.

ಒಳ್ಳೆಯ ಟ್ಯೂನರ್ ಈ ಸರಪಳಿಯ ಎಲ್ಲ ಕೊಂಡಿಗಳನ್ನೂ ಒಟ್ಟಿಗೆ ಸರಿಸುತ್ತಾನೆ. ಕೆಟ್ಟ ಫೈಲಿನಲ್ಲಿ ಬೂಸ್ಟ್ ಮಾತ್ರ ಏರಿಸಿ, ಟಾರ್ಕ್ ಲೆಕ್ಕವನ್ನು ಹಳೆಯದಾಗಿಯೇ ಬಿಟ್ಟಿರುತ್ತಾರೆ. ಆಗ ಇಂಜಿನ್ 220 ನ್ಯೂಟನ್ ಮೀಟರ್ ಕೊಡುತ್ತಿದ್ದರೂ ಇಸಿಯು ಗೇರ್‌ಬಾಕ್ಸ್‌ಗೆ 175 ಎಂದೇ ಹೇಳುತ್ತದೆ. ಡಿಎಸ್‌ಜಿ ತರದ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆ ಸಂಖ್ಯೆ ನಂಬಿ ಕ್ಲಚ್ಚನ್ನು ಅಷ್ಟೇ ಬಿಗಿಯಾಗಿ ಹಿಡಿಯುತ್ತದೆ. ಕ್ಲಚ್ ಜಾರುತ್ತದೆ, ಕೆಲವೇ ತಿಂಗಳಲ್ಲಿ ಸುಟ್ಟುಹೋಗುತ್ತದೆ. ಸೆನ್ಸರಿನ ಸಿಗ್ನಲ್ ತಿರುಚಿ ಇಸಿಯುಗೆ ಸುಳ್ಳು ಹೇಳುವ ‘ಟ್ಯೂನಿಂಗ್ ಬಾಕ್ಸ್’ಗಳ ದೋಷವೂ ಇದೇ. ಪೆಡಲ್‌ಗೆ ಸಿಕ್ಕಿಸುವ ಪುಟ್ಟ ಬಾಕ್ಸ್‌ಗಳಂತೂ ಶಕ್ತಿ ಹೆಚ್ಚಿಸುವುದೇ ಇಲ್ಲ. ಅರ್ಧ ಒತ್ತಿದ್ದನ್ನು ಮುಕ್ಕಾಲು ಎಂದು ತೋರಿಸುತ್ತವೆ, ಅಷ್ಟೇ.

ಮೊದಲು ಕಾಗದಪತ್ರ

ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ತಾಳೆಯಾಗದಂತೆ ವಾಹನವನ್ನು ಬದಲಿಸುವಂತಿಲ್ಲ. ಸೆಕ್ಷನ್ 182ಎ(4) ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸಜೆ, ಅಥವಾ ಎರಡೂ ಆಗಬಹುದು. ಸೆಕ್ಷನ್ 52ರ ಮೇಲೆ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೊಟ್ಟ ತೀರ್ಪು ಕೇರಳದ ಪ್ರಕರಣದ್ದೇ. ಕಾಯ್ದೆ ಕೇಂದ್ರದ್ದು, ಕೆಎಲ್ 14 (ಕಾಸರಗೋಡಿನ) ಗಾಡಿ ಗಡಿಯ ತಲಪಾಡಿ ದಾಟಿ ಮಂಗಳೂರಲ್ಲಿ ರಿಮ್ಯಾಪ್ ಆದರೂ ನಿಯಮ ಬದಲಾಗದು. ಕೈಹಾಕುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್, ಡೀಸೆಲ್ ಕಾರಿನ ಮಸಿ ಹಿಡಿಯುವ ಡಿಪಿಎಫ್, ಹೊಗೆಯ ಒಂದು ಪಾಲನ್ನು ಇಂಜಿನ್‌ಗೆ ಮರಳಿಸುವ ಇಜಿಆರ್ ತೆಗೆಯುವ ‘ಡಿಲೀಟ್’ ಫೈಲ್ ಮಾತ್ರ ಯಾವ ಕಾರಣಕ್ಕೂ ಬೇಡ. ಅದು ಹೊಗೆ ನಿಯಮದ ನೇರ ಉಲ್ಲಂಘನೆ. ಆ ಹೊಗೆ ಕುಡಿಯುವುದು ನಮ್ಮ ಪೇಟೆಗಳ ಜನರೇ.

ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಉತ್ತರವನ್ನು ಇಟ್ಟುಕೊಳ್ಳಿ. ಮುಚ್ಚಿಟ್ಟರೆ ದೊಡ್ಡ ಅಪಘಾತದ ಹೊತ್ತಿನಲ್ಲಿ ಕ್ಲೇಮ್ ತಕರಾರಿಗೆ ಬೀಳಬಹುದು. ವಾರಂಟಿ ಇರುವ ಕಾರಾದರೆ ಅದು ಮುಗಿಯುವವರೆಗೆ ಕಾಯಿರಿ. ಸ್ಟಾಕ್ ಫೈಲ್ (ಕಂಪನಿಯಿಂದ ಬಂದ ಮೂಲ ಫೈಲ್) ವಾಪಸ್ ಹಾಕಿದರೂ ಎಷ್ಟು ಬಾರಿ ಬರೆಯಲಾಗಿದೆ ಎಂಬ ಎಣಿಕೆ ಹಲವು ಇಸಿಯುಗಳಲ್ಲಿ ಉಳಿದಿರುತ್ತದೆ. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಲ್ಲಿ ಬದಲಾದ ಸಾಫ್ಟ್‌ವೇರ್ ಪತ್ತೆಯಾದರೆ ಟಿಡಿ1 ಎಂಬ ಗುರುತು ಬೀಳುತ್ತದೆ; ಅದು ಆ ಕಾರಿನ ದಾಖಲೆಗೇ ಅಂಟಿಕೊಳ್ಳುತ್ತದೆ.

ಹಂತ 1: ಕಾರಿನ ಆರೋಗ್ಯ

ಸಣ್ಣ ದೋಷವಿರುವ ಕಾರು ಸ್ಟಾಕ್ ಫೈಲಿನಲ್ಲಿ ಹೇಗೋ ಓಡುತ್ತಿರುತ್ತದೆ. ಬೂಸ್ಟ್ ಏರಿಸಿದ ದಿನವೇ ಆ ದೋಷ ದೊಡ್ಡದಾಗಿ ಹೊರಬೀಳುತ್ತದೆ, ಬೈಗುಳ ಫೈಲಿಗೆ. ಆದ್ದರಿಂದ ಲ್ಯಾಪ್‌ಟಾಪ್ ತೆರೆಯುವ ಮುಂಚೆ ಬಾನೆಟ್ ತೆರೆಯಿರಿ.

ಸ್ಪಾರ್ಕ್ ಪ್ಲಗ್ ಹೊಸದಾಗಿರಲಿ. ಬೂಸ್ಟ್ ಏರಿದಾಗ ಸಿಲಿಂಡರಿನೊಳಗಿನ ಒತ್ತಡ ಹೆಚ್ಚಿ ಕಿಡಿ ಆರಿಹೋಗುವ ಸಂಭವವಿದೆ. ಅದಕ್ಕೇ ಸ್ಟಾಕ್ ಗ್ಯಾಪ್ 0.8 ಮಿಲಿಮೀಟರ್ ಇದ್ದರೆ 0.65–0.7ಕ್ಕೆ ಇಳಿಸುತ್ತಾರೆ. ಒಂದು ಮೆಟ್ಟಿಲು ತಂಪಾದ, ಅಂದರೆ ಬಿಸಿಯನ್ನು ಬೇಗ ಹೊರದಾಟಿಸುವ ಪ್ಲಗ್ ಹಾಕುವುದಾದರೆ ಸಂಖ್ಯೆ ನೋಡಿ ಕೊಳ್ಳಿ: ಎನ್‌ಜಿಕೆಯಲ್ಲಿ ಸಂಖ್ಯೆ ಏರಿದಷ್ಟು ತಂಪು, ಬಾಷ್‌ನಲ್ಲಿ ಸಂಖ್ಯೆ ಇಳಿದಷ್ಟು ತಂಪು. ಇದನ್ನು ತಿರುಗಮುರುಗ ಮಾಡಿ ಪಿಸ್ಟನ್ ಸುಟ್ಟುಕೊಳ್ಳಬೇಡಿ.

ಟರ್ಬೊದಿಂದ ಥ್ರಾಟಲ್‌ವರೆಗಿನ ಹೋಸ್‌ಗಳಿಗೆ ಸ್ಮೋಕ್ ಟೆಸ್ಟ್ (ಹೊಗೆ ತುಂಬಿಸಿ ಸೋರಿಕೆ ಹುಡುಕುವುದು) ಮಾಡಿಸಿ. ಕ್ಲಾಂಪ್ ಬಳಿ ಎಣ್ಣೆಯ ಪಸೆ ಕಂಡರೆ ಅಲ್ಲಿ ಸೋರಿಕೆಯಿದೆ ಎಂದೇ ಅನುಮಾನಿಸಿ. ಏರ್ ಫಿಲ್ಟರ್ ನಮ್ಮಲ್ಲಿ ಬೇಗ ಕಟ್ಟಿಕೊಳ್ಳುತ್ತದೆ. ಮುರಕಲ್ಲಿನ ಕೆಂಪು ಧೂಳು, ರಸ್ತೆ ಕಾಮಗಾರಿಯ ಧೂಳು. 5,000 ಕಿಲೋಮೀಟರಿಗೊಮ್ಮೆ ತೆಗೆದು ನೋಡಿ. ಸ್ಟಾಕ್ ಪೆಟ್ಟಿಗೆಯಲ್ಲಿ ಒಳ್ಳೆಯ ಕಾಗದದ ಫಿಲ್ಟರ್ ಇದ್ದರೆ ಸ್ಟೇಜ್ 1ಕ್ಕೆ (ಬಿಡಿಭಾಗ ಬದಲಿಸದೆ ಫೈಲ್ ಮಾತ್ರ ಬದಲಿಸುವುದು) ಧಾರಾಳ ಸಾಕು. ತೆರೆದ ಕೋನ್ ಫಿಲ್ಟರ್ ಬಾನೆಟ್ಟಿನ ಬಿಸಿಗಾಳಿ ಎಳೆಯುತ್ತದೆ, ಆಟಿಯ ಮಳೆಗೆ ರಸ್ತೆಯಲ್ಲಿ ನಿಂತ ನೀರನ್ನೂ ಎಳೆಯಬಹುದು. ಎಣ್ಣೆ ಹಚ್ಚುವ ಹತ್ತಿಯ ಫಿಲ್ಟರಿಗೆ ಎಣ್ಣೆ ಹೆಚ್ಚಾದರೆ ಗಾಳಿ ಅಳೆಯುವ ಮಾಫ್ ಸೆನ್ಸರಿಗೆ ಅಂಟಿ ಓದು ತಪ್ಪುತ್ತದೆ.

ಮ್ಯಾನ್ಯುಯಲ್ ಕಾರಿನ ಕ್ಲಚ್ ಪರೀಕ್ಷೆ ಸುಲಭ. ಖಾಲಿ ಏರಿನಲ್ಲಿ ನಾಲ್ಕನೇ ಗೇರ್, 2,000 ಆರ್‌ಪಿಎಂನಿಂದ ಪೆಡಲ್ ಪೂರ್ತಿ ಒತ್ತಿ. ವೇಗ ಏರದೆ ಆರ್‌ಪಿಎಂ ಮಾತ್ರ ಜಿಗಿದರೆ ಕ್ಲಚ್ ಮುಗಿದಿದೆ, ಫೈಲ್ ಆಮೇಲೆ.

ಹಂತ 2: ಯಾವ ಪೆಟ್ರೋಲಿಗೆ ಫೈಲ್?

ಇಲ್ಲಿ ಗಡಿನಾಡಿನದೇ ಒಂದು ಸಮಸ್ಯೆಯಿದೆ. ಬೆಲೆಯ ವ್ಯತ್ಯಾಸಕ್ಕಾಗಿ ತಲಪಾಡಿಯಾಚೆ ಪೆಟ್ರೋಲ್ ತುಂಬಿಸುವವರು ಮಂಜೇಶ್ವರ, ಉಪ್ಪಳ ಕಡೆ ಬೇಕಾದಷ್ಟಿದ್ದಾರೆ. ಊರಿನ ಬಂಕಿನಲ್ಲಿ 95 ಆಕ್ಟೇನ್ (ತಾನಾಗಿ ಸಿಡಿಯದೆ ಉರಿಯುವ ಗುಣದ ಅಳತೆ) ಸಿಕ್ಕೀತು, ಘಟ್ಟದ ಬುಡದ ಬಂಕಿನಲ್ಲಿ ಸಿಗದಿರಬಹುದು. ಅರ್ಧ ಟ್ಯಾಂಕ್ 95ಕ್ಕೆ ಅರ್ಧ ಟ್ಯಾಂಕ್ 91 ಸೇರಿದರೆ ಸಿಗುವುದು ಸುಮಾರು 93. ನಿಮ್ಮ ತಿರುಗಾಟದಲ್ಲಿ ಸಿಗಬಹುದಾದ ಅತಿ ಕಡಿಮೆ ಆಕ್ಟೇನಿಗೆ ಫೈಲ್ ಮಾಡಿಸಿ, ಒಳ್ಳೆಯದು ಸಿಕ್ಕಾಗ ತುಂಬಿಸಿ. ಇದಕ್ಕೆ ವಿರುದ್ಧವಾಗಿ ಮಾಡಿದರೆ ನಾಕ್ (ಕಿಡಿ ಬಿದ್ದ ಮೇಲೆ ಮಿಶ್ರಣ ಒಮ್ಮೆಲೇ ಸಿಡಿಯುವುದು) ಹಿಡಿಯುವ ಸೆನ್ಸರಿನ ಮಾತು ಕೇಳಿ ಇಸಿಯು ದಿನವಿಡೀ ಕಿಡಿಯನ್ನು ಹಿಂದೆಳೆಯುತ್ತಿರುತ್ತದೆ, ಅಂದರೆ ತಡ ಮಾಡುತ್ತಿರುತ್ತದೆ, ಕಾರು ಸ್ಟಾಕ್‌ಗಿಂತ ಮಂಕಾಗಿ ಓಡುತ್ತದೆ.

ಎಥನಾಲ್ ಲೆಕ್ಕವನ್ನೂ ಹಾಕಬೇಕು. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು 1 ಕಿಲೋಗೆ 14.7 ಕಿಲೋ ಗಾಳಿ ಬೇಕು. ಇ20ಗೆ (ಶೇ 20 ಎಥನಾಲ್ ಬೆರೆತದ್ದು) ಸುಮಾರು 13.5 ಸಾಕು. ಅಂದರೆ ಅದೇ ಗಾಳಿಗೆ ಇಂಜೆಕ್ಟರ್ ಹೆಚ್ಚು ಇಂಧನ ಸುರಿಯಬೇಕು. ಇ10 ಕಾಲದಲ್ಲಿ ಬರೆದ ಫೈಲನ್ನು ಇಂಜೆಕ್ಟರಿನ ಮಿತಿಯವರೆಗೆ ಎಳೆದಿದ್ದರೆ ಇ20ರಲ್ಲಿ ಮೇಲಿನ ಆರ್‌ಪಿಎಂನಲ್ಲಿ ಇಂಧನ ಸಾಲದೆ ಬರುತ್ತದೆ, ಇಂಧನದ ಒತ್ತಡ ಕಡಿಮೆ ಎನ್ನುವ ಪಿ0087 ದೋಷ ಕೋಡ್ ಬೀಳಬಹುದು. ಈಗ ಮಾಡಿಸುವ ಫೈಲ್ ಇ20 ಮೇಲೆಯೇ ಲಾಗ್ ಆಗಿರಲಿ (ಓಡುವಾಗಿನ ಸೆನ್ಸರ್ ಓದುಗಳನ್ನು ದಾಖಲಿಸಿ ನೋಡಿರಲಿ). ಹಳೆಯ ಕಾರಾದರೆ ಇಂಧನದ ರಬ್ಬರ್ ಹೋಸ್‌ಗಳನ್ನೂ ನೋಡಿಸಿ.

ಹಂತ 3: ಸ್ಟಾಕ್ ಕಾರಿನ ಲಾಗ್

ಈ ಹಂತವನ್ನು ಬಿಟ್ಟವರಿಗೆ ಮುಂದಿನದೆಲ್ಲ ಊಹೆ. ಫೋಕ್ಸ್‌ವ್ಯಾಗನ್, ಸ್ಕೋಡಾಗಳಿಗೆ ವಿಸಿಡಿಎಸ್ ಅಥವಾ ಒಬಿಡಿಇಲೆವೆನ್ ಎಂಬ ಉಪಕರಣ. ಬೇರೆ ಕಾರಿಗೆ ಒಳ್ಳೆಯ ಒಬಿಡಿ (ಕಾರಿನ ತಪಾಸಣೆ ಪೋರ್ಟ್) ಅಡಾಪ್ಟರ್ ಮತ್ತು ‘ಟಾರ್ಕ್’ ಎಂಬ ಹೆಸರಿನ ಆ್ಯಪ್ ತರದ್ದು. ಅಗ್ಗದ ಬ್ಲೂಟೂತ್ ಅಡಾಪ್ಟರ್ ನಿಧಾನ. ಒಮ್ಮೆಗೆ ನಾಲ್ಕೈದು ಸಾಲುಗಳನ್ನಷ್ಟೇ ಆರಿಸಿ, ಇಲ್ಲದಿದ್ದರೆ ಸೆಕೆಂಡಿಗೆ ಒಂದು ಓದು ಸಿಗುವುದೂ ಕಷ್ಟ.

ಮೊದಲ ಲಾಗ್ ಮಾಮೂಲಿ ಓಡಾಟದಲ್ಲಿ: ಇಂಧನ ಟ್ರಿಮ್, ಅಂದರೆ ಇಸಿಯು ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಇಂಧನ ಹಾಕುತ್ತಿದೆ ಎಂಬುದು. ದೀರ್ಘಾವಧಿ ಟ್ರಿಮ್ ಶೇ 5ರೊಳಗೆ ಆಚೀಚೆ ಇದ್ದರೆ ಒಳ್ಳೆಯದು. ಶೇ 10ರ ಹತ್ತಿರ ಪ್ಲಸ್ ಇದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ಮಾಫ್ ಸೆನ್ಸರ್ ಕೊಳಕಾಗಿದೆ, ಇಲ್ಲವೇ ಇಂಧನದ ಒತ್ತಡ ಕಡಿಮೆ.

ಎರಡನೆಯದು ಪೂರ್ತಿ ಪೆಡಲ್ ಲಾಗ್, ಮೂರನೇ ಗೇರ್, 2,000 ಆರ್‌ಪಿಎಂನಿಂದ ಕೆಂಪು ಗೆರೆಯವರೆಗೆ. ಇದನ್ನು ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆಯೇ ಮಾಡಿ. ಬದಿಯಡ್ಕದ ರಸ್ತೆಯಲ್ಲಾಗಲಿ ಆರು ಪಥದ ಹೆದ್ದಾರಿಯಲ್ಲಾಗಲಿ ಬೇಡ. ಸರ್ವಿಸ್ ರಸ್ತೆಯಿಂದ ಯಾವ ಕ್ಷಣ ಸ್ಕೂಟರ್ ನುಗ್ಗುತ್ತದೋ ಹೇಳಲಾಗದು. ಕಣ್ಣಿಡಬೇಕಾದ ಸಾಲುಗಳು ಇವು: ಕೇಳಿದ ಬೂಸ್ಟ್ ಮತ್ತು ಬಂದ ಬೂಸ್ಟ್, ಪ್ರತಿ ಸಿಲಿಂಡರಿನ ಕಿಡಿ ಹಿಂದೆಳೆತ, ಲ್ಯಾಂಬ್ಡಾ (ಗಾಳಿ–ಇಂಧನದ ಅನುಪಾತ; 1ಕ್ಕಿಂತ ಕಡಿಮೆ ಎಂದರೆ ಇಂಧನ ಹೆಚ್ಚು), ಒಳಬರುವ ಗಾಳಿಯ ಬಿಸಿ, ಮಾಫ್, ರೈಲ್ ಒತ್ತಡ (ಇಂಜೆಕ್ಟರಿಗೆ ಹೋಗುವ ಇಂಧನದ ಒತ್ತಡ).

ಟರ್ಬೊ ಎದ್ದ ಮೇಲೆ ಕೇಳಿದ್ದಕ್ಕೂ ಬಂದದ್ದಕ್ಕೂ 100 ಮಿಲಿಬಾರಿಗಿಂತ ಹೆಚ್ಚು ಅಂತರ ನಿಲ್ಲಬಾರದು. ಕಿಡಿ ಹಿಂದೆಳೆತ ಒಂದು ಸಿಲಿಂಡರಿನಲ್ಲಿ ಆಗೊಮ್ಮೆ ಈಗೊಮ್ಮೆ 2–3 ಡಿಗ್ರಿ ಕಂಡರೆ ಗಾಬರಿಯಿಲ್ಲ. ಎಲ್ಲ ಸಿಲಿಂಡರಿನಲ್ಲೂ 4–6 ಡಿಗ್ರಿ ಉದ್ದಕ್ಕೂ ನಿಂತರೆ ಪೆಟ್ರೋಲಿನ ಆಕ್ಟೇನ್ ಸಾಲದು, ಇಲ್ಲವೇ ಇಂಜಿನ್ ತುಂಬ ಬಿಸಿ. ಒಂದೇ ಸಿಲಿಂಡರಿನಲ್ಲಿ ಹಾಗಾದರೆ ಆ ಸಿಲಿಂಡರಿನ ಪ್ಲಗ್, ಕಾಯಿಲ್, ಇಂಜೆಕ್ಟರ್, ಕಾರ್ಬನ್ ನೋಡಿಸಿ.

ಮಾಫ್ ಓದಿನಿಂದ ಪವರನ್ನು ಸ್ಥೂಲವಾಗಿ ಲೆಕ್ಕ ಹಾಕಬಹುದು: ಸೆಕೆಂಡಿಗೆ ಬರುವ ಗ್ರಾಂ ಗಾಳಿಯನ್ನು 1.25ರಿಂದ ಗುಣಿಸಿ. 84 ಗ್ರಾಂ ಬಂದರೆ ಸುಮಾರು 105 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ).

ಹಂತ 4: ಟಾರ್ಕ್ ಗೆರೆಯನ್ನು ಕಾಗದದ ಮೇಲೆ ಎಳೆಯಿರಿ

ಪೋಲೊ ಜಿಟಿ 1.2 ಟಿಎಸ್‌ಐ ಉದಾಹರಣೆ ನೋಡೋಣ: ಸ್ಟಾಕ್ 105 ಪಿಎಸ್, 175 ನ್ಯೂಟನ್ ಮೀಟರ್. ಇದರ ಏಳು ಗೇರಿನ ಡಿಎಸ್‌ಜಿಯ ಒಣ ಕ್ಲಚ್ಚಿಗೆ 250 ನ್ಯೂಟನ್ ಮೀಟರ್ ಮಿತಿ. ಮಿತಿಗೆ ತಾಗಿಸುವ ಬದಲು 220ಕ್ಕೆ ನಿಲ್ಲಿಸಿ. ಏರಿನಲ್ಲಿ ಬ್ಲಾಕ್ ಆಗಿ ನಿಂತು ತೆವಳುವ ಕಾರಿನ ಕ್ಲಚ್ ಮೊದಲೇ ಬಿಸಿಯಾಗಿರುತ್ತದೆ. ಆ 30ರ ಅಂತರ ಅದಕ್ಕೆ ಬೇಕು.

ಹೇಳಿದ ಸಂಖ್ಯೆ ನಿಜವೇ ಎಂದು ತಾಳೆ ನೋಡಲು ಒಂದು ಸೂತ್ರ: ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7,024ರಿಂದ ಭಾಗಿಸಿದರೆ ಪಿಎಸ್. 220 ನ್ಯೂಟನ್ ಮೀಟರ್ 4,000 ಆರ್‌ಪಿಎಂನಲ್ಲಿ 125 ಪಿಎಸ್. ಇದೇ ಕಾರಿಗೆ ಯಾರಾದರೂ 170 ಪಿಎಸ್ ಎಂದರೆ ಎಷ್ಟು ಆರ್‌ಪಿಎಂನಲ್ಲಿ ಎಷ್ಟು ಟಾರ್ಕ್ ಎಂದು ಕೇಳಿ; ಉತ್ತರ ತಡವರಿಸಿದರೆ ಬೇರೆ ಟ್ಯೂನರನ್ನು ಹುಡುಕಿ.

ಗೆರೆಯ ಆಕಾರ ಸಂಖ್ಯೆಗಿಂತ ಮುಖ್ಯ. 1,500 ಆರ್‌ಪಿಎಂನಲ್ಲೇ ಪೂರ್ತಿ ಟಾರ್ಕ್ ಕೊಡುವ ಫೈಲ್ ಮೊದಲ ದಿನ ಖುಷಿ ಕೊಡುತ್ತದೆ. ಆದರೆ ಸಣ್ಣ ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಇಂಜಿನ್‌ಗಳಲ್ಲಿ ಕಡಿಮೆ ವೇಗಕ್ಕೆ ಹೆಚ್ಚು ಭಾರ ಬಿದ್ದಾಗ ಕಿಡಿಗೂ ಮುಂಚೆಯೇ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವ ಅಪಾಯವಿದೆ. ಇದು ಮಾಮೂಲಿ ನಾಕ್ ಅಲ್ಲ, ಕಿಡಿ ಹಿಂದೆಳೆದರೆ ನಿಲ್ಲುವುದಿಲ್ಲ; ಒಂದೆರಡು ಹೊಡೆತಕ್ಕೇ ಪಿಸ್ಟನ್ ಒಡೆಯಬಹುದು. ಮಳೆಗಾಲದ ತಿರುವಿನಲ್ಲಿ ಮುಂದಿನ ಚಕ್ರ ಗಿರಗಿರನೆ ತಿರುಗಲೂ ಇಷ್ಟು ಬೇಗ ಪೂರ್ತಿ ಟಾರ್ಕ್ ಬರುವುದೇ ಕಾರಣ. 1,800ರಿಂದ 2,500ರವರೆಗೆ ಟಾರ್ಕ್ ಮೆಲ್ಲಗೆ ಏರಲಿ, 2,500ರಿಂದ 4,200ರವರೆಗೆ ಸಮತಟ್ಟಾಗಿರಲಿ, ಆಮೇಲೆ ಇಳಿಯಲಿ. ಪೆಡಲ್ ಮ್ಯಾಪನ್ನು ಮೊದಲರ್ಧದಲ್ಲಿ ಸ್ಟಾಕ್‌ನಷ್ಟೇ ಮೃದುವಾಗಿ ಬಿಡಲು ಹೇಳಿ.

ಈಗ ಎತ್ತರದ ಮಾತು. ಇಸಿಯು ಕೇಳುವ ಬೂಸ್ಟ್ ಒಟ್ಟು ಒತ್ತಡದ ಲೆಕ್ಕದಲ್ಲಿರುತ್ತದೆ. ಕಾಸರಗೋಡಿನಲ್ಲಿ ಹೊರಗಿನ ಗಾಳಿ ಸುಮಾರು 1,010 ಮಿಲಿಬಾರ್, ಮಡಿಕೇರಿಯಲ್ಲಿ ಸುಮಾರು 880. ಫೈಲ್ 2,000 ಮಿಲಿಬಾರ್ ಕೇಳಿದರೆ ಕೆಳಗೆ ಟರ್ಬೊ ಗಾಳಿಯನ್ನು ಎರಡು ಪಟ್ಟು ಒತ್ತಿದರೆ ಸಾಕು, ಮೇಲೆ 2.27 ಪಟ್ಟು ಒತ್ತಬೇಕು. ಟರ್ಬೊ ಅಷ್ಟು ಹೆಚ್ಚು ವೇಗವಾಗಿ ತಿರುಗುತ್ತದೆ, ಗಾಳಿ ಹೆಚ್ಚು ಬಿಸಿಯಾಗುತ್ತದೆ, ಸಣ್ಣ ಟರ್ಬೊ ತನ್ನ ಮಿತಿ ಮೀರುತ್ತದೆ. ಸ್ಟಾಕ್ ಫೈಲಿನಲ್ಲಿ ಹೊರಗಿನ ಒತ್ತಡ ಇಳಿದಂತೆ ಬೂಸ್ಟ್ ಇಳಿಸುವ ತಿದ್ದುಪಡಿ ಮ್ಯಾಪ್ ಇರುತ್ತದೆ. ಅವಸರದ ಟ್ಯೂನರ್ ಅದನ್ನು ಮಟ್ಟ ಮಾಡಿಬಿಡುತ್ತಾನೆ. ‘ಎತ್ತರದ ತಿದ್ದುಪಡಿ ಹಾಗೇ ಇದೆಯಾ? ಗಾಳಿ ಬಿಸಿಯಾದರೆ ಬೂಸ್ಟ್ ಇಳಿಸುವುದು ಹಾಗೇ ಇದೆಯಾ?’ ಈ ಎರಡು ಪ್ರಶ್ನೆ ಕೇಳದೆ ದುಡ್ಡು ಕೊಡಬೇಡಿ.

ಡೀಸೆಲ್ ಕಾರಿಗೆ ಮಾತು ಚಿಕ್ಕದು: ರೈಲ್ ಒತ್ತಡ ಮಿತಿಯೊಳಗಿರಲಿ, ಹೊಗೆ ಮಿತಿಯ ಮ್ಯಾಪ್ ಮುಟ್ಟದಿರಲಿ. ಕಪ್ಪು ಹೊಗೆ ಎಂದರೆ ಪೂರ್ತಿ ಉರಿಯದೆ ಮಸಿಯಾದ ಡೀಸೆಲ್. ಅದು ಪವರ್ ಅಲ್ಲ, ಟರ್ಬೊ ಮತ್ತು ಡಿಪಿಎಫ್ ಹಾಳಾಗುವ ಮುನ್ಸೂಚನೆ.

ಹಂತ 5: ಓದುವುದು, ಬರೆಯುವುದು

ಹಲವು ಇಸಿಯುಗಳನ್ನು ಒಬಿಡಿ ಪೋರ್ಟಿನಿಂದಲೇ ಓದಿ ಬರೆಯಬಹುದು. ಕೆಲವನ್ನು ಬಿಚ್ಚಿ ಮೇಜಿನ ಮೇಲೆ ತಂತಿ ಜೋಡಿಸಿ ಓದಬೇಕು. ಟ್ಯೂನರ್ ಬಳಿ ಅಸಲಿ ಉಪಕರಣವಿದೆಯೇ ನೋಡಿ. ಅಗ್ಗದ ನಕಲಿ ಉಪಕರಣ ಅರ್ಧ ಬರೆದು ಕೈಕೊಟ್ಟರೆ ಇಸಿಯು ಸತ್ತು ಮಲಗುತ್ತದೆ.

ಮೊದಲ ಕೆಲಸ ಮೂಲ ಫೈಲಿನ ನಕಲು. ಸಾಧ್ಯವಿದ್ದರೆ ಫ್ಲ್ಯಾಶ್ ಜೊತೆ ಇಇಪ್ರಾಮ್ (ಇಸಿಯುವಿನ ಇನ್ನೊಂದು ಪುಟ್ಟ ಮೆಮೊರಿ) ಕೂಡ; ಇಮ್ಮೊಬಿಲೈಸರ್ (ಕೀ ಗುರುತಿಸಿ ಕಳ್ಳತನ ತಡೆಯುವ ವ್ಯವಸ್ಥೆ) ಮಾಹಿತಿ ಅಲ್ಲಿರುತ್ತದೆ. ಫೈಲಿನ ಹೆಸರಲ್ಲಿ ಗಾಡಿ ನಂಬರ್, ಇಸಿಯು ಹಾರ್ಡ್‌ವೇರ್ ಮತ್ತು ಸಾಫ್ಟ್‌ವೇರ್ ಸಂಖ್ಯೆ, ತಾರೀಖು, ಓಡಿದ ಕಿಲೋಮೀಟರ್ ಇರಲಿ. ಒಂದು ಪ್ರತಿ ನಿಮ್ಮ ಪೆನ್‌ಡ್ರೈವ್‌ಗೆ, ಇನ್ನೊಂದು ಇಮೇಲ್‌ಗೆ. ‘ನಮ್ಮಲ್ಲಿ ಇರುತ್ತೆ ಬಿಡಿ’ ಎಂಬ ಮಾತಿಗೆ ಒಪ್ಪಬೇಡಿ. ಒಂದೇ ಮಾದರಿಯ ಎರಡು ಕಾರಿನ ಸಾಫ್ಟ್‌ವೇರ್ ಸಂಖ್ಯೆ ಬೇರೆ ಇರಬಹುದು. ಪಕ್ಕದ ಮನೆಯವರ ಫೈಲ್ ನಿಮ್ಮ ಕಾರಿಗೆ ಹಾಕಿಸುವುದು ಸಲ್ಲ.

ಬರೆಯುವಾಗ ಬ್ಯಾಟರಿಗೆ ಸ್ಥಿರ ವೋಲ್ಟೇಜ್ ಕೊಡುವ ಚಾರ್ಜರ್ ಜೋಡಿಸಿರಬೇಕು, ಸುಮಾರು 13.5 ವೋಲ್ಟ್, 30 ಆ್ಯಂಪಿಯರ್‌ಗೆ ಕಡಿಮೆಯಿಲ್ಲದ್ದು. ಬರೆಯುವ ಹೊತ್ತಿಗೆ ಕೆಲವು ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗಿ ಬ್ಯಾಟರಿಯನ್ನು ಹೀರುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ನಮ್ಮಲ್ಲಿ ಹೊಸದಲ್ಲ. ಚಾರ್ಜರ್ ಯುಪಿಎಸ್ ಅಥವಾ ಇನ್ವರ್ಟರ್ ಮೇಲಿರಲಿ, ಲ್ಯಾಪ್‌ಟಾಪ್ ಬ್ಯಾಟರಿ ತುಂಬಿರಲಿ. ಲೈಟ್, ಎಸಿ, ಮ್ಯೂಸಿಕ್ ಆಫ್. ಚೆಕ್‌ಸಮ್ (ಫೈಲ್ ಸರಿಯಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ತಿದ್ದಿದ ಮೇಲೆಯೇ ಬರೆಯಬೇಕು. ತಪ್ಪಿದರೆ ಕಾರು ಸ್ಟಾರ್ಟ್ ಆಗದೆ ನಿಲ್ಲಬಹುದು.

ಹಂತ 6: ಬರೆದ ಮೇಲೆ

ಕೋಡ್‌ಗಳನ್ನು ಅಳಿಸಿ, ಐದು ನಿಮಿಷ ಐಡಲ್‌ನಲ್ಲಿ ಬಿಡಿ, 30 ಕಿಲೋಮೀಟರ್ ಸಾವಧಾನವಾಗಿ ಓಡಿಸಿ. ಆಮೇಲೆ ಅದೇ ಡೈನೊ, ಅದೇ ಗೇರ್, ಅದೇ ಟೈರ್ ಗಾಳಿ, ಸಾಧ್ಯವಾದರೆ ಅದೇ ದಿನ. ಬೇರೆ ಡೈನೊಗಳ ಸಂಖ್ಯೆಗಳನ್ನು ಹೋಲಿಸುವುದು ವ್ಯರ್ಥ. ಸೆಕೆಗಾಲದ ತಿದ್ದುಪಡಿ ಗುಣಕವೇ ಕೆಲವು ಪಿಎಸ್ ಉಬ್ಬಿಸಿಬಿಡುತ್ತದೆ.

ಪೂರ್ತಿ ಭಾರದಲ್ಲಿ ಲ್ಯಾಂಬ್ಡಾ 0.80–0.88 ನಡುವೆ ಇದ್ದರೆ ಇಂಜಿನ್ ತಂಪಾಗಿರುತ್ತದೆ. ಪಿ0299 ಎಂದರೆ ಕೇಳಿದಷ್ಟು ಬೂಸ್ಟ್ ಬರುತ್ತಿಲ್ಲ, ಹೋಸ್ ನೋಡಿ. ಪಿ0234 ಎಂದರೆ ಅತಿ ಬೂಸ್ಟ್. ವೇಸ್ಟ್‌ಗೇಟ್ (ಬೂಸ್ಟನ್ನು ಹಿಡಿತದಲ್ಲಿಡುವ ಕವಾಟ) ನಿಯಂತ್ರಣವನ್ನು ಟ್ಯೂನರ್ ತಿದ್ದಿ ಕೊಡಬೇಕು. ಪಿ0300 ಮಿಸ್‌ಫೈರ್, ಪ್ಲಗ್ ಗ್ಯಾಪಿನಿಂದ ಆರಂಭಿಸಿ. ಕೋಡ್ ಇಲ್ಲದೆ ಕಾರು ಒಮ್ಮೆಲೇ ಥ್ರಾಟಲ್ ಮುಚ್ಚಿದರೆ ಟಾರ್ಕ್ ಕಾವಲು ಲೆಕ್ಕ ಎಚ್ಚೆತ್ತಿದೆ, ಫೈಲಿನಲ್ಲಿ ಕೊಂಡಿ ತಪ್ಪಿದೆ ಎಂದರ್ಥ. ಕನಿಷ್ಠ ಎರಡು ತಿದ್ದುಪಡಿ ಸೇರಿಯೇ ದರ ಎಂದು ಮೊದಲೇ ಮಾತಾಡಿಕೊಳ್ಳಿ.

ಕೊನೆಯ ಲಾಗ್ ಘಟ್ಟದಲ್ಲಿ. ನಾಲ್ಕು ಜನ, ಎಸಿ ಆನ್, ಮಾಮೂಲಿ ವೇಗದಲ್ಲಿ ಸಂಪಾಜೆಯಿಂದ ಮೇಲಕ್ಕೆ. ಮೊಬೈಲ್ ನೋಡುವವರು ಪಕ್ಕದ ಸೀಟಿನವರಾಗಿರಲಿ. ಗಾಳಿಯ ಬಿಸಿ, ಕಿಡಿ ಹಿಂದೆಳೆತ, ಕೂಲೆಂಟ್, ಡಿಎಸ್‌ಜಿಯಾದರೆ ಕ್ಲಚ್ ಬಿಸಿ. ಡೈನೊದಲ್ಲಿ ಶುಭ್ರವಾಗಿದ್ದ ಫೈಲ್ ಇಲ್ಲಿ 5 ಡಿಗ್ರಿ ಹಿಂದೆಳೆಯುತ್ತಿದ್ದರೆ ಲಾಗ್ ಕಳಿಸಿ, 100 ಮಿಲಿಬಾರ್ ಬೂಸ್ಟ್ ಇಳಿಸಲು ಹೇಳಿ. ಪಿಕಪ್ಪಿನಲ್ಲಿ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಆಮೇಲಿನ ಆರೈಕೆ

15,000 ಕಿಲೋಮೀಟರಿಗೆ ಬದಲಿಸುತ್ತಿದ್ದ ಇಂಜಿನ್ ಆಯಿಲ್ ಈಗ 7,500ಕ್ಕೆ. ಕಾರಿನ ಕೈಪಿಡಿ ಹೇಳುವ ದರ್ಜೆಯದೇ ಇರಲಿ, ಜೊತೆಗೆ ಡಬ್ಬಿಯ ಮೇಲೆ ಎಪಿಐ ಎಸ್‌ಪಿ ಎಂದಿದ್ದರೆ ಉತ್ತಮ. ಮೇಲೆ ಹೇಳಿದ ಅಕಾಲದ ಹೊತ್ತುವಿಕೆಯನ್ನು ತಗ್ಗಿಸುವ ಪರೀಕ್ಷೆ ಆ ದರ್ಜೆಯಲ್ಲಿ ಸೇರಿದೆ. ಪ್ಲಗ್ ಅರ್ಧ ಅವಧಿಗೆ. ಬ್ರೇಕ್ ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ ತಪ್ಪದೆ. ತೇವದ ಹವೆಯಲ್ಲಿ ಅದು ನೀರು ಹೀರುತ್ತದೆ, ಘಟ್ಟ ಇಳಿಯುವಾಗ ಪೆಡಲ್ ಮೆತ್ತಗಾಗುತ್ತದೆ.

ಗಲ್ಫಿನಲ್ಲಿದ್ದು ವರ್ಷಕ್ಕೊಮ್ಮೆ ಬರುವವರ ಕಾರು ತಿಂಗಳುಗಟ್ಟಲೆ ಶೆಡ್ಡಿನಲ್ಲಿರುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ; ನೀರು ಹೆಚ್ಚಾದರೆ ಎಥನಾಲ್ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ, ಮೇಲುಳಿದ ಪೆಟ್ರೋಲಿನ ಆಕ್ಟೇನ್ ಕುಸಿಯುತ್ತದೆ. ಹೋಗುವ ಮುಂಚೆ ಟ್ಯಾಂಕ್ ತುಂಬಿಸಿಟ್ಟರೆ ಒಳಗೆ ತೇವದ ಗಾಳಿಗೆ ಜಾಗ ಕಡಿಮೆ. ಮನೆಯವರಿಗೆ ವಾರಕ್ಕೊಮ್ಮೆ ಐಡಲ್‌ನಲ್ಲಿ ಬಿಡಲು ಹೇಳುವ ಬದಲು ಹದಿನೈದು ದಿನಕ್ಕೊಮ್ಮೆ 20 ಕಿಲೋಮೀಟರ್ ಓಡಿಸಲು ಹೇಳಿ. ಬ್ಯಾಟರಿ ತಂತಿ ಬಿಚ್ಚಿಟ್ಟಿದ್ದರೆ ಇಸಿಯು ಕಲಿತಿದ್ದ ಟ್ರಿಮ್ ಅಳಿಸಿಹೋಗಿರಬಹುದು. ಊರಿಗೆ ಬಂದ ದಿನ ಹೊಸ ಪೆಟ್ರೋಲ್ ಬೆರೆಸಿ, ಕುಂಬಳೆಯವರೆಗೆ ಹೋಗಿ ಬರುವಷ್ಟು ದೂರ ಅರ್ಧ ಪೆಡಲ್ ಮೀರದೆ ಓಡಿಸಿ, ಟ್ರಿಮ್ ಶೇ 5ರೊಳಗೆ ಬಂತೇ ಎಂದು ನೋಡಿದ ಮೇಲೆ ಘಟ್ಟದ ಕಡೆ ತಿರುಗಿಸಿ.